ಚೆಕ್‌ಸಮ್ ಹೊಂದುತ್ತಿಲ್ಲ ಎಂದರೆ ಸಾಲದು

ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಕೋಡನ್ನು ಓಡಿಸಬಲ್ಲ ಸಾಫ್ಟ್‌ವೇರ್ ಆಗಿಸುವ ಬಿಲ್ಡ್ ಟೂಲ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈಚೆಗೆ ರಿಲೀಸ್ ದಿನ ಸಂಜೆ, ಬಿಲ್ಡ್‌ನ ಹಂತಗಳನ್ನು ತಾನಾಗಿ ನಡೆಸುವ ಪೈಪ್‌ಲೈನ್ ನಿಂತುಹೋಯಿತು. ಪರದೆಯ ಮೇಲಿದ್ದುದು ಮೂರೇ ಸಾಲು: ಚೆಕ್‌ಸಮ್ ಹೊಂದುತ್ತಿಲ್ಲ, ಬೇಕಾದದ್ದು 64 ಅಕ್ಷರಗಳ ಈ ಹ್ಯಾಶ್, ಸಿಕ್ಕಿದ್ದು ಅಷ್ಟೇ ಉದ್ದದ ಇನ್ನೊಂದು. ಹ್ಯಾಶ್ ಅಥವಾ ಚೆಕ್‌ಸಮ್ ಎಂದರೆ ಫೈಲಿನ ಒಳಗಿರುವುದರಿಂದ ಲೆಕ್ಕಹಾಕಿದ ಬೆರಳಚ್ಚು; ಇಳಿದ ಫೈಲಿನದು ರೆಸಿಪಿಯಲ್ಲಿ (ಬಿಲ್ಡ್‌ನ ಸೂಚನಾ ಫೈಲ್) ಬರೆದಿಟ್ಟದ್ದಕ್ಕೆ ಹೊಂದದಿದ್ದರೆ ಟೂಲ್ ನಿಲ್ಲುತ್ತದೆ. ರಿಲೀಸ್ ಮ್ಯಾನೇಜರ್ ಕಾಲ್‌ನಲ್ಲಿ ಕಾಯುತ್ತಿದ್ದರು. ಪಕ್ಕದಲ್ಲಿದ್ದ ಕಿರಿಯ ಸಹೋದ್ಯೋಗಿ, “ಸಿಕ್ಕಿರೋ ಹ್ಯಾಶ್ ಅನ್ನೇ ರೆಸಿಪಿಗೆ ಪೇಸ್ಟ್ ಮಾಡಿಬಿಡ್ಲಾ ಸರ್? ಹೋದ ಸಲ ಹಾಗೇ ಮಾಡಿದ್ವಿ” ಎಂದ.

ಅವನನ್ನು ದೂರುವಂತಿಲ್ಲ. 2023ರ ಜನವರಿ 30ರಂದು ಕೋಡ್ ಸಂಗ್ರಹ ತಾಣವಾದ ಗಿಟ್‌ಹಬ್‌ನಲ್ಲಿ ಸೋರ್ಸ್ ಆರ್ಕೈವ್‌ಗಳನ್ನು (ಕೋಡನ್ನು ಒಟ್ಟುಗೂಡಿಸಿದ ಫೈಲ್‌ಗಳು) ಕುಗ್ಗಿಸುವ ವಿಧಾನ ಬದಲಾದಾಗ, ಒಳಗಿನ ಕೋಡ್ ಒಂದಕ್ಷರವೂ ಬದಲಾಗದಿದ್ದರೂ ಹ್ಯಾಶ್‌ಗಳೆಲ್ಲ ಬದಲಾಗಿ ಎಷ್ಟೋ ಕಡೆ ಬಿಲ್ಡ್‌ಗಳು ಮುರಿದುಬಿದ್ದವು. ಗಿಟ್‌ಹಬ್ ಅದನ್ನು ಬೇಗನೆ ಹಿಂತೆಗೆದುಕೊಂಡಿತು. ಇಂಥ ನಿರಪಾಯದ ಪ್ರಸಂಗಗಳಿಂದಲೇ ಪೇಸ್ಟ್ ಮಾಡುವ ಅಭ್ಯಾಸ ಬೆಳೆಯುತ್ತದೆ. ಆರ್ಕೈವ್‌ನಲ್ಲಿ ಯಾರಾದರೂ ಕೈಯಾಡಿಸಿದ್ದರೂ ಪರದೆಯ ಮೇಲೆ ಬರುವುದು ಇದೇ ಮೂರು ಸಾಲು ತಾನೆ?

ಹೊಂದದ ಫೈಲನ್ನು ನಮ್ಮ ಟೂಲ್ ತಕ್ಷಣ ಅಳಿಸಿಹಾಕುತ್ತಿದ್ದುದರಿಂದ ನೋಡಲು ಏನೂ ಉಳಿದಿರಲಿಲ್ಲ. ಅದೇ ಬಿಲ್ಡ್ ಮಷೀನಿನಿಂದ ಅದೇ ವಿಳಾಸವನ್ನು ಕರ್ಲ್ ಎಂಬ ಡೌನ್‌ಲೋಡ್ ಸಾಧನದಲ್ಲಿ ಇಳಿಸಿಕೊಂಡು ತೆರೆದೆ. ಆರ್ಕೈವ್ ಇರಬೇಕಾದ ಜಾಗದಲ್ಲಿ ಕಂಪನಿಯ ನೆಟ್‌ವರ್ಕ್‌ಗೂ ಇಂಟರ್‌ನೆಟ್‌ಗೂ ನಡುವೆ ನಿಲ್ಲುವ ಪ್ರಾಕ್ಸಿ ಸರ್ವರ್‌ನ ಲಾಗಿನ್ ಪುಟವಿತ್ತು. ಮಷೀನಿನ ಸೆಷನ್ ಮುಗಿದಿತ್ತು. ಪ್ರಾಕ್ಸಿ ಆ ಪುಟವನ್ನು 200 ಸ್ಟೇಟಸ್‌ನೊಂದಿಗೇ (‘ಎಲ್ಲ ಸರಿ’ ಎಂಬ ಸಂಕೇತ) ಕಳುಹಿಸಿದ್ದರಿಂದ ಡೌನ್‌ಲೋಡ್ ಯಶಸ್ವಿಯಾಯಿತೆಂದು ಟೂಲ್ ನಂಬಿತ್ತು.

ಇದನ್ನು ಟೂಲ್ ತಾನೇ ಹೇಳಬಹುದಿತ್ತು. ಕುಗ್ಗಿಸಿದ ಆರ್ಕೈವ್ ಬರುವ ಜಿಜಿಪ್ (gzip) ಫೈಲಿನ ಮೊದಲ ಎರಡು ಬೈಟ್‌ಗಳು ನಿಶ್ಚಿತ. ಅವು ಇಲ್ಲದಿದ್ದರೆ ಬಂದದ್ದು ಆರ್ಕೈವ್ ಅಲ್ಲ. ಖಾಲಿ ಫೈಲಿನ ಎಸ್‌ಎಚ್‌ಎ-256 ವಿಧಾನದ ಹ್ಯಾಶ್ ಯಾವಾಗಲೂ ಒಂದೇ. ಅದು ಕಂಡರೆ ಏನೂ ಇಳಿದಿಲ್ಲವೆಂದು ನೇರವಾಗಿ ತಿಳಿಸಬಹುದು. ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಟೂಲ್ ಎನ್‌ಪಿಎಂ ತನ್ನ ದೋಷ ಸಂದೇಶದಲ್ಲಿ ಬೈಟ್‌ಗಳ ಸಂಖ್ಯೆಯನ್ನೂ ಕೊಡುತ್ತದೆ. ಪೈಥಾನ್‌ನ ಪಿಪ್ ಇನ್ನೂ ಮುಂದೆ ಹೋಗಿ, ನೀವೇ ಆವೃತ್ತಿ ಬದಲಿಸಿದ್ದರೆ ಹ್ಯಾಶ್ ಬದಲಿಸಿ, ಇಲ್ಲವಾದರೆ ಪ್ಯಾಕೇಜನ್ನು ಜಾಗ್ರತೆಯಿಂದ ಪರೀಕ್ಷಿಸಿ ಎಂದು ಎರಡು ದಾರಿಗಳನ್ನು ಬೇರ್ಪಡಿಸುತ್ತದೆ. ಓದುವವನಿಗೆ ಬೇಕಾದದ್ದು ಇಂಥ ಮಾತು.

ನಮ್ಮ ಸಂದೇಶವನ್ನು ತಿದ್ದಲು ಹಾಕಿದ ಟಿಕೆಟ್, “ಬರೀ ಟೆಕ್ಸ್ಟ್ ಚೇಂಜ್” ಎಂಬ ಷರಾದೊಂದಿಗೆ ಕಡಿಮೆ ಆದ್ಯತೆಯ ಪಟ್ಟಿಗೆ ಹೋಯಿತು. ಇದು ತಪ್ಪು ನಿರ್ಧಾರವೆಂದು ನಾನು ಈಗಲೂ ಹೇಳುತ್ತೇನೆ. ಬಿಡುವಿನಲ್ಲಿ ಅದನ್ನು ಮುಗಿಸಿದೆವು. ಈಗ ಮೊದಲ ಸಾಲಿನಲ್ಲೇ ಬಂದ ಫೈಲಿನ ಬಗೆ ಮತ್ತು ಗಾತ್ರ ಇರುತ್ತದೆ. ನಂತರ ರೀಡೈರೆಕ್ಟ್‌ಗಳಾದ ಮೇಲಿನ ಕೊನೆಯ ವಿಳಾಸ, ಫೈಲ್ ಬಂದದ್ದು ಮೊದಲೇ ಉಳಿಸಿಟ್ಟ ಪ್ರತಿಯಿಂದಲೋ (ಕ್ಯಾಶ್) ನೆಟ್‌ವರ್ಕ್‌ನಿಂದಲೋ ಎಂಬುದು, ನಿರೀಕ್ಷಿತ ಹ್ಯಾಶ್ ಯಾವ ರೆಸಿಪಿಯ ಯಾವ ಸಾಲಿನಲ್ಲಿದೆ ಎಂಬುದು. ಹೊಂದದ ಫೈಲನ್ನು ಅಳಿಸದೆ ಪ್ರತ್ಯೇಕ ಫೋಲ್ಡರ್‌ನಲ್ಲಿಟ್ಟು ಅದರ ದಾರಿಯನ್ನೂ ತೋರಿಸುತ್ತೇವೆ.

ಬಂದದ್ದು ಸರಿಯಾದ ಆರ್ಕೈವ್ ಆಗಿದ್ದು, ಅದೇ ಆವೃತ್ತಿಯ ಹೆಸರಿನಲ್ಲಿ ಒಳಗಿನ ಕೋಡ್ ಬೇರೆಯಾಗಿದ್ದರೆ, ಅದರ ಕಾರಣವನ್ನು ಟೂಲ್ ಊಹಿಸುವುದು ಸಲ್ಲ. ಅಲ್ಲಿ ಸಂದೇಶ ಬಿಲ್ಡ್ ನಿಲ್ಲಿಸಿ ಸೆಕ್ಯುರಿಟಿ ತಂಡವನ್ನು ಸಂಪರ್ಕಿಸಲು ಹೇಳುತ್ತದೆ. ಸಿಕ್ಕ ಹ್ಯಾಶ್ ಪೂರ್ತಿಯಾಗಿ ಲಾಗ್ ಫೈಲಿನಲ್ಲಿ ಮಾತ್ರ ಇರುತ್ತದೆ. ಪರದೆಯ ಮೇಲೂ ಬೇಕೆಂದು ಕೆಲವರು ಕೇಳುತ್ತಿದ್ದಾರೆ. ನಾನು ಒಪ್ಪಿಲ್ಲ.