ಅಡಿಕೆ ಹಂಡೆಯಲ್ಲಿ ಕಾಫಿ ಹುಳ

"ರೊಬಸ್ಟಾಕ್ಕೆ ಎಲ್ಲಿಯ ಬೋರರ್ ಮಾರಾಯ್ರೆ?"

ಕಾಫಿ ಕೊಳ್ಳುವವರ ಗೋದಾಮಿನಲ್ಲಿ ನಿಂತು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಶಿವರಾತ್ರಿ ಕಳೆದ ವಾರ. ಪಿಕಪ್‌ನಲ್ಲಿ 18 ಚೀಲ ಒಣ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ಹೇರಿಕೊಂಡು ಹೋಗಿದ್ದೆ. ಚೀಲಕ್ಕೆ ಎಷ್ಟು ಓಟಿ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ) ಬರಬಹುದು, ಒಟ್ಟು ಎಷ್ಟು ದುಡ್ಡಾಗಬಹುದು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಲೆಕ್ಕ ನಡೆದಿತ್ತು.

ನಾನು ಹಾಗೆ ಜಗಳಕ್ಕೆ ನಿಲ್ಲಲು ಕಾರಣವೂ ಇತ್ತು. ನಮ್ಮ ಕಡೆ ಬೋರರ್ ಅಂದರೆ ಬಿಳಿ ಕಾಂಡಕೊರಕ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಅಂತ ಎರಡು ಜಾತಿ ಬೆಳೆಯುತ್ತೇವಲ್ಲ, ಈ ಕಾಂಡಕೊರಕ ಅರೇಬಿಕಾ ಗಿಡದ ಕಾಂಡ ಹೊಕ್ಕು, ಒಳಗೊಳಗೇ ಸುರಂಗ ತೋಡಿ, ಗಿಡವನ್ನೇ ಒಣಗಿಸಿಬಿಡುತ್ತದೆ. ಅದರ ಕಾಟಕ್ಕೆ ಸೋತು ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದವರು ಬೇಕಾದಷ್ಟಿದ್ದಾರೆ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ ಅಡಿಕೆ ಮರಗಳ ನಡುವೆ ಅಪ್ಪಯ್ಯ ರೊಬಸ್ಟಾ ನೆಟ್ಟಿದ್ದೂ "ಇದಕ್ಕೆ ಬೋರರ್ ಕಾಟ ಇಲ್ಲ" ಅನ್ನುವ ಧೈರ್ಯದ ಮೇಲೆಯೇ. ಎಲೆಚುಕ್ಕಿ ರೋಗ ಬಂದು ಅಡಿಕೆ ಕೈಕೊಟ್ಟ ಮೇಲಂತೂ ಮನೆ ನಡೆಯುತ್ತಿರುವುದು ಕಾಫಿ ದುಡ್ಡಿನಲ್ಲಿ.

ವ್ಯಾಪಾರಿ ಮಾತಾಡಲಿಲ್ಲ. ಒಂದು ಹಿಡಿ ಚೆರ್ರಿ ತಟ್ಟೆಗೆ ಸುರಿದು ಒಂದನ್ನು ಎತ್ತಿ ನನ್ನ ಮುಖದ ಹತ್ತಿರ ಹಿಡಿದರು. ಹಣ್ಣಿನ ತುದಿಯಲ್ಲಿ, ಹೂ ಉದುರಿದ ಗುರುತು ಇರುತ್ತದಲ್ಲ, ಆ ಹೊಕ್ಕುಳಲ್ಲೇ ಒಂದು ತೂತು. ಗುಂಡುಸೂಜಿ ಚುಚ್ಚಿದಷ್ಟು ಸಣ್ಣದು. ಉಗುರಿನಿಂದ ಸಿಪ್ಪೆ ಬಿಡಿಸಿದರು. ಒಳಗಿನ ಬೀಜಕ್ಕೂ ತೂತು.

"ನೀವು ಹೇಳೋದು ಕಾಂಡದ್ದು. ಇದು ಕಾಯಿಕೊರಕ. ಬೆರ್ರಿ ಬೋರರ್. ಇದಕ್ಕೆ ಅರೇಬಿಕಾ, ರೊಬಸ್ಟಾ ಅಂತ ಭೇದ ಇಲ್ಲ" ಅಂದು ಚೀಲಕ್ಕಿಷ್ಟು ಅಂತ ಮುರಿದುಕೊಂಡರು. ಎಷ್ಟು ಮುರಿದರು ಅಂತ ಮನೆಯಲ್ಲೂ ಸರಿಯಾಗಿ ಹೇಳಿಲ್ಲ, ಇಲ್ಲಿ ಯಾಕೆ ಬಿಡಿ.

ಮನೆಗೆ ಬಂದವನು ಊಟಕ್ಕೂ ಕೂರದೆ ತೋಟಕ್ಕಿಳಿದೆ. ಗಿಡದ ಬುಡದಲ್ಲಿ ಉದುರಿದ್ದ ಹಣ್ಣುಗಳನ್ನು ಆರಿಸಿ ತಂದು ಜಗಲಿಯಲ್ಲಿ ಕೂತು ಹಳೆಯ ಬ್ಲೇಡಿನಿಂದ ಸೀಳಿದೆ. ಮೊದಲನೆಯದು ಚೆನ್ನಾಗಿತ್ತು. ಎರಡನೆಯದರಲ್ಲಿ ಬೀಜವೇ ಹಿಟ್ಟಾಗಿತ್ತು. ಆ ಹಿಟ್ಟಿನ ನಡುವೆ ರವೆ ಕಾಳಿನಂಥ ಬಿಳಿ ಮರಿಹುಳಗಳು. ಪಕ್ಕದಲ್ಲಿ ಎಳ್ಳಿಗಿಂತ ಸಣ್ಣದಾದ ಕಪ್ಪು ದುಂಬಿ. ಎರಡು ಮಿಲಿಮೀಟರ್ ಕೂಡ ಇರಲಾರದು. ಬ್ಲೇಡಿನ ತುದಿ ತಾಗಿಸಿದರೆ ಸತ್ತಂತೆ ಸುಮ್ಮನಾಯಿತು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹಿಟ್ಟಿನೊಳಗೆ ತಲೆ ತೂರಿಸಿತು.

ಕೊಪ್ಪದ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರದು ಅಪ್ಪಟ ಕಾಫಿ ತೋಟ, ಈ ಹುಳದ ಜೊತೆ ವರ್ಷಾನುಗಟ್ಟಲೆ ಏಗಿದವರು. "ನಿಮ್ಮಲ್ಲಿಗೂ ಬಂತಾ?" ಅಂತ ನೆಂಟರು ಬಂದ ಸುದ್ದಿ ಕೇಳಿದ ಹಾಗೆ ಕೇಳಿದರು. ಆಫ್ರಿಕಾ ಮೂಲದ ಹುಳ ಇದು. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ನಮ್ಮಲ್ಲಿಗೆ ಮೊದಲು ಕಾಫಿ ತಂದರು ಅನ್ನುವ ಬಾಬಾಬುಡನ್ನರ ಏಳು ಬೀಜದ ಜೊತೆ ಬರದೇ ಇದ್ದದ್ದು, ಮುನ್ನೂರು ವರ್ಷ ಬಿಟ್ಟು ಹಾದಿ ಹುಡುಕಿಕೊಂಡು ಬಂತು. ಹೆಣ್ಣು ಮಾತ್ರ ಹಾರುತ್ತದೆ. ಗಂಡಿಗೆ ಹಾರಲು ಬರುವುದಿಲ್ಲ. ಹುಟ್ಟಿದ ಹಣ್ಣಿನೊಳಗೇ ಸಂಸಾರ ಮುಗಿಸಿ ಅಲ್ಲೇ ಸಾಯುತ್ತದೆ. ಮೊಟ್ಟೆಯಿಂದ ದುಂಬಿಯಾಗಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು.

"ಔಷಧಿ ಹೊಡೆದರೆ?" ಅಂದೆ.

"ಅದು ಬಾಗಿಲು ಹಾಕ್ಕೊಂಡು ಒಳಗೆ ಕೂತಿರ್ತದೆ ಮಾರಾಯ. ನೀನು ಹೊರಗೆ ನೀರು ಹೊಡೆದರೆ ಅದಕ್ಕೇನು? ಮೊದಲು ಹೆಕ್ಸು. ಒಂದು ಹಣ್ಣೂ ಉಳಿಯಬಾರದು. ಕಾಫಿ ಹೂ ಬಿಡಿಸೋ ಹೂಮಳೆ ಬಿತ್ತು ಅಂದ್ರೆ ಹುಳ ಹೊರಗೆ ಹೊರಡ್ತದೆ."

ಇನ್ನೊಂದು ಮಾತು ಕೇಳಿದರು. "ಚೀಲ ಎಲ್ಲಿಂದ ತಂದಿದ್ದೆ?"

ನಾನು ಉತ್ತರ ಕೊಡಲಿಲ್ಲ. ಹಿಂದಿನ ವರ್ಷ ಹೊಸ ಗೋಣಿಚೀಲಕ್ಕೆ ಯಾಕೆ ದುಡ್ಡು ಅಂತ, ಎಲ್ಲೆಲ್ಲಿಯದೋ ಕಾಫಿ ತುಂಬಿದ್ದ ಹಳೆಯ ಚೀಲಗಳನ್ನು ಅರ್ಧ ರೇಟಿಗೆ ತಂದವನು ನಾನೇ. ತಂದು ಹಾಗೇ ತೋಟದಲ್ಲಿ ಹಾಸಿದವನೂ ನಾನೇ.

ಹೆಕ್ಕಲು ಮೂರು ಜನ ಹೆಂಗಸರು ಬಂದರು. ಅಮ್ಮನೂ ಸೆರಗು ಸಿಕ್ಕಿಸಿಕೊಂಡು ಇಳಿದಳು. ಒಂದು ಲೆಕ್ಕ ಹೇಳಿಬಿಡುತ್ತೇನೆ. ಆ ದಿನ ಕೊಟ್ಟ ಸಂಬಳದ ಕಾಲುಭಾಗದಷ್ಟು ಬೆಲೆಯ ಹಣ್ಣೂ ಸಿಗಲಿಲ್ಲ. ಹೆಕ್ಕುವ ಕೆಲಸವನ್ನು ಎಲ್ಲರೂ ಮುಂದಕ್ಕೆ ಹಾಕುವುದು ಇದಕ್ಕೇ. ತರಗೆಲೆ ಸರಿಸಿ, ಕಪ್ಪಾಗಿ ಒಣಗಿದ ಹಣ್ಣನ್ನು ಮಣ್ಣಿನ ಉಂಡೆಯಿಂದ ಬೇರೆ ಮಾಡಿ ಆರಿಸಬೇಕು. ಅರ್ಧ ಗಂಟೆಗೆ ನನ್ನ ಸೊಂಟ ಹೋಯಿತು. ಅವರಲ್ಲಿ ಹಿರಿಯಾಕೆ ನೋಡುತ್ತಲೇ ಇರಲಿಲ್ಲ, ಬೆರಳಿನಲ್ಲೇ ಗುರುತು ಹಿಡಿದು ಬುಟ್ಟಿಗೆ ಹಾಕುತ್ತಿದ್ದರು. ಹಳ್ಳದಾಚೆಯ ಸಾಲಿಗೆ ಹೋದಾಗ ಗಿಡದಲ್ಲೇ ಒಣಗಿ ನಿಂತ ಹಣ್ಣು ಗೊಂಚಲು ಗೊಂಚಲು.

"ಹೋದ ವರ್ಷವೇ ಹೇಳಿದ್ದೆ ಅಲ್ವಾ ಅಣ್ಣಾ, ಈ ಕಡೆ ಹಣ್ಣು ಬಿಡಬೇಡಿ ಅಂತ? ಸಂಬಳಕ್ಕೆ ಗಿಟ್ಟಲ್ಲ ಅಂದ್ರಿ."

ಅಂದಿದ್ದೆ, ಹೌದು.

ಸಂಜೆಗೆ ನಾಲ್ಕು ಬುಟ್ಟಿ ತುಂಬಿತು. ಕೊರೆದ ಹಣ್ಣನ್ನು ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ ತೆಗೆಯಬೇಕು ಅಂತ ಚಿಕ್ಕಪ್ಪ ಹೇಳಿದ್ದರು. ಅಷ್ಟು ದೊಡ್ಡ ಪಾತ್ರೆ ಎಲ್ಲಿದೆ? ಅಡಿಕೆ ಬೇಯಿಸುವ ಹಂಡೆಯೇ ಗತಿ. ಚೊಗರು ಹತ್ತಿ ಒಳಗೆಲ್ಲ ಕಪ್ಪಾದ ಹಂಡೆಯನ್ನು ಒಲೆ ಮೇಲಿಟ್ಟು ಬೆಂಕಿ ಮಾಡಿದೆವು. ಹಣ್ಣು ಸುರಿದ ಕೂಡಲೇ ಬಂದ ವಾಸನೆ ಕಾಫಿಯದ್ದಲ್ಲ, ಹುಳಿ ಬಂದ ಬೆಲ್ಲದ್ದು. ನೀರಿನ ಮೇಲೆ ಕಪ್ಪು ಚುಕ್ಕಿಗಳು ಒಂದೊಂದೇ ತೇಲಿದವು.

ಅಮ್ಮ ಬಗ್ಗಿ ನೋಡಿ, "ಎಳ್ಳುನೀರು ಬಿಟ್ಟ ಹಾಗೇ ಕಾಣ್ತದಲ್ಲೋ" ಅಂದಳು. ಆಮೇಲೆ, "ನಾಲ್ಕು ಗಂಟೆ ಮೇಲೆ ಕಾಫಿ ಕುಡಿದರೆ ನಂಗೆ ರಾತ್ರಿಯಿಡೀ ನಿದ್ದೆ ಇಲ್ಲ. ಇವು ಅದರೊಳಗೇ ಹೆಂಗೆ ಮಲಗ್ತಾವೆ?"

ಪ್ರಶ್ನೆ ಸುಮ್ನೆ ತಮಾಷೆಯದ್ದಲ್ಲ. ಕೆಫೀನನ್ನು ಅರಗಿಸುವ ಬ್ಯಾಕ್ಟೀರಿಯಾಗಳು ಈ ಹುಳದ ಹೊಟ್ಟೆಯಲ್ಲಿವೆ ಅಂತ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟಿದ್ದಾರೆ. ಬೇರೆ ಹುಳಗಳಿಗೆ ವಿಷವಾಗುವ ವಸ್ತು ಇದಕ್ಕೆ ಊಟ. ಅಮ್ಮನಿಗೆ ಹೇಳಿದೆ. "ನಂಗೂ ಒಂದಷ್ಟು ತರಿಸಿಕೊಡು" ಅಂದಳು.

ಮಾರನೇ ವಾರ ಚಿಕ್ಕಪ್ಪನೇ ಬಂದು ಕೆಂಪು ಬಣ್ಣದ ಟ್ರ್ಯಾಪ್‌ಗಳನ್ನು ತೂಗುಹಾಕಿಕೊಟ್ಟರು. ಒಳಗಿನ ಸಣ್ಣ ಬಾಟಲಿಯಲ್ಲಿ ಎರಡು ಥರದ ಸ್ಪಿರಿಟ್ ಬೆರೆಸಿ ಇಡುತ್ತಾರೆ. ಆ ವಾಸನೆಗೆ ಹುಳ ಬಂದು ಕೆಳಗಿನ ನೀರಿಗೆ ಬೀಳುತ್ತದೆ. ಒಂದು ಮೆಥನಾಲ್, ಮನುಷ್ಯ ಕುಡಿದರೆ ಕಣ್ಣೂ ಹೋಗಬಹುದು, ಜೀವವೂ ಹೋಗಬಹುದು. ಉಳಿದದ್ದನ್ನು ಬೀಗ ಹಾಕಿ ಇಡು ಅಂತ ಚಿಕ್ಕಪ್ಪ ಮೂರು ಸಲ ಹೇಳಿದರು. ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರು ಅಂತ ನನಗೆ ಗೊತ್ತು.

ಅವತ್ತೇ ಬೇಲಿ ಹತ್ತಿರ ನಿಂತು ನೋಡಿದರೆ ಪಕ್ಕದ ತೋಟದ ಗಿಡಗಳಲ್ಲೂ ಹಣ್ಣು ಕಪ್ಪಗೆ ನೇತಾಡುತ್ತಿದ್ದವು. ಯಜಮಾನ ಬೆಂಗಳೂರಿನಲ್ಲಿದ್ದಾನೆ, ನನ್ನ ಜೊತೆ ಶಾಲೆಗೆ ಹೋದವನು. ಫೋನ್ ಮಾಡಿ ವಿಷಯ ಹೇಳಿದೆ.

"ಏ, ರೊಬಸ್ಟಾಕ್ಕೆ ಎಲ್ಲಿಯ ಬೋರರ್ ಮಾರಾಯ?" ಅಂದ.

ನಾನು ಮೊದಲಿಂದ ಶುರು ಮಾಡಿದೆ. ಕಾಂಡದ್ದು ಬೇರೆ, ಕಾಯಿದು ಬೇರೆ ಅಂತ. ಅಷ್ಟರಲ್ಲಿ ಹಿರಿಯಾಕೆ ಬುಟ್ಟಿಯನ್ನು ಬೇಲಿಯಾಚೆ ಎಸೆದು, ಸೀರೆ ಎತ್ತಿ ಕಟ್ಟಿ ದಾಟಿಯಾಗಿತ್ತು.