ಸಿ ಶಿಫ್ಟಿನವರಿಗೂ ಒಂದು ಕೀರ್ತನೆ ಇದೆ

ಬೆಳಿಗ್ಗೆ ಐದಕ್ಕೆ ಎದ್ದು ಬೈಬಲ್ ಓದಿ, ಪ್ರಾರ್ಥನೆ ಮಾಡಿ. ಆತ್ಮಿಕ ಜೀವನದ ಬಗ್ಗೆ ಯಾರು ಮಾತಾಡಿದರೂ ಮೊದಲು ಹೇಳುವುದು ಇದನ್ನೇ. ಸಿ ಶಿಫ್ಟ್, ಅಂದರೆ ರಾತ್ರಿ ಪಾಳಿ ಇದ್ದ ವಾರ ಬೆಳಿಗ್ಗೆ ಐದಕ್ಕೆ ನಾನು ಎಚ್ಚರವಾಗಿಯೇ ಇರುತ್ತೇನೆ. ಆದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ತಲೆ ಮೇಲೆ ಹೆಲ್ಮೆಟ್, ಕೈಯಲ್ಲಿ ಟೆಸ್ಟರ್. ಎ ಶಿಫ್ಟ್ ಇದ್ದರೆ ಆ ಹೊತ್ತಿಗೆ ಬಸ್ಸಿನಲ್ಲಿರುತ್ತೇನೆ. ಬಿ ಶಿಫ್ಟ್ ಮುಗಿಸಿ ಬಳ್ಳಾರಿಗೆ ಬಂದು, ಊಟ ಮಾಡಿ ಮಲಗುವಾಗ ಹನ್ನೆರಡು ದಾಟಿರುತ್ತದೆ. ಮತ್ತೆ ಐದಕ್ಕೆ ಏಳು ಅಂದರೆ ಹೇಗೆ, ಅಲ್ವಾ?

ಇದಕ್ಕೆ ಸಾಮಾನ್ಯವಾಗಿ ತೋರಿಸುವ ವಚನ ಮಾರ್ಕ 1:35. ಇನ್ನೂ ಕತ್ತಲಿರುವಾಗಲೇ ಯೇಸು ಸ್ವಾಮಿ ಎದ್ದು ಹೋಗಿ ಪ್ರಾರ್ಥನೆ ಮಾಡಿದರು. ನಿಜ. ಆದರೆ ಅದೇ ಯೇಸು ಬೆಟ್ಟಕ್ಕೆ ಹೋಗಿ ರಾತ್ರಿಯೆಲ್ಲಾ ಪ್ರಾರ್ಥನೆ ಮಾಡಿದ್ದು ಲೂಕ 6:12ರಲ್ಲಿದೆ. ಪೌಲ ಮತ್ತು ಸೀಲ ಫಿಲಿಪ್ಪಿಯ ಜೈಲಿನಲ್ಲಿ ಹಾಡಿದ್ದು ಮಧ್ಯರಾತ್ರಿ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೈಬಲಿನ ಕೀರ್ತನೆಗಳ ಪುಸ್ತಕದ 134ನೇ ಕೀರ್ತನೆ. ರಾತ್ರಿ ಹೊತ್ತು ದೇವಾಲಯದಲ್ಲಿ ನಿಂತು ಸೇವೆ ಮಾಡುವವರಿಗೆ ಅಂತಲೇ ಇರುವ ಕೀರ್ತನೆ. ಮೂರೇ ವಚನ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದಲ್ಲಿ, ದೇವಾಲಯದ ಸೇವೆಗೆಂದೇ ಇದ್ದ ಲೇವಿ ಕುಲದ ಗಾಯಕರಿಗೆ ಹಗಲು ರಾತ್ರಿ ಕೆಲಸವಿತ್ತು ಅಂತ ಒಂದು ಮಾತು ಬರುತ್ತದೆ. ಅಂದರೆ ಅವರಿಗೂ ನೈಟ್ ಡ್ಯೂಟಿ! ಸಿ ಶಿಫ್ಟಿನ ವಾರ ಈ ಮೂರು ವಚನಗಳನ್ನು ಬಾಯಿಪಾಠದಿಂದಲೇ ಹೇಳಿಕೊಳ್ಳುತ್ತೇನೆ.

ಅಭ್ಯಾಸಕ್ಕೆ ಗಡಿಯಾರ ಬೇಕಿಲ್ಲ, ದಿನಾ ತಪ್ಪದೆ ಆಗುವ ಯಾವುದಾದರೂ ಒಂದು ಕೆಲಸ ಬೇಕು ಅನ್ನುವುದು ನನ್ನ ಲೆಕ್ಕ. ನನ್ನ ಪಾಲಿಗೆ ಅದು ಕಂಪನಿ ಬಸ್ಸು. ಶಿಫ್ಟ್ ಯಾವುದೇ ಇರಲಿ, ಬಸ್ ಹತ್ತುವುದಂತೂ ತಪ್ಪಲ್ಲ. ಬಸ್ಸು ಸುಧಾ ಕ್ರಾಸ್ ದಾಟಿದ ಮೇಲೆ ಬೈಬಲ್ ತೆರೆಯುತ್ತೇನೆ. ಕುಡತಿನಿ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವಷ್ಟರಲ್ಲಿ ಓದಿ ಮುಗಿದಿರುತ್ತದೆ. ಅಲ್ಲಿಂದ ಕಾರ್ಖಾನೆ ಗೇಟಿನವರೆಗೆ ಕಣ್ಣು ಮುಚ್ಚಿ ಪ್ರಾರ್ಥನೆ. ಪಕ್ಕದ ಸೀಟಿನವರು ನಿದ್ದೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ ಬಿಡಿ. ವಾಪಸ್ ಬರುವಾಗ ಮಾತ್ರ ನಿಜವಾಗಿಯೂ ನಿದ್ದೆ, ಅದಕ್ಕೆ ನಾನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮನಸ್ಸಿಲ್ಲದಿದ್ದರೆ ಓದಿ ಏನು ಪ್ರಯೋಜನ ಅಂತ ಕೆಲವರು ಕೇಳುತ್ತಾರೆ. ನಾನು ಎಲೆಕ್ಟ್ರಿಕಲ್ ಮೇಂಟೆನೆನ್ಸಿನವನು. ಒಂದು ಮೋಟಾರಿನ ಕೆಲಸಕ್ಕೆ ಹೋಗುವ ಮುಂಚೆ ಬ್ರೇಕರ್ ಆಫ್ ಮಾಡಬೇಕು, ನನ್ನದೇ ಬೀಗ ಹಾಕಿ ಕೀಲಿ ಜೇಬಿಗೆ ಇಳಿಸಬೇಕು, ಹೆಸರು ಬರೆದ ಟ್ಯಾಗ್ ತೂಗುಹಾಕಬೇಕು. ಆಮೇಲೆ ಮೂರೂ ಫೇಸಿಗೆ ಟೆಸ್ಟರ್ ಇಟ್ಟು ಸಪ್ಲೈ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಹತ್ತು ನಿಮಿಷದ ಕೆಲಸವಾದರೂ ಅಷ್ಟೆ. ಇವತ್ತು ನಿನಗೆ ಮೂಡ್ ಇದೆಯಾ ಅಂತ ಯಾರೂ ಕೇಳಲ್ಲ. ಪ್ರಾರ್ಥನೆಯೂ ಹಾಗೇ ಅಂತ ನಾನು ಹಿಡಿದಿದ್ದೇನೆ. ಮನಸ್ಸು ಎಷ್ಟೋ ಸಲ ಹಿಂದಿನಿಂದ ಬರುತ್ತದೆ. ಬರದೇ ಇರುವ ದಿನಗಳೂ ಇವೆ.

ಎಷ್ಟು ಓದಬೇಕು ಅನ್ನುವುದರಲ್ಲಿ ಮಾತ್ರ ದುರಾಸೆ ಬೇಡ. ಜನವರಿ 1ಕ್ಕೆ ಎಲ್ಲರೂ ವರ್ಷಕ್ಕೊಮ್ಮೆ ಇಡೀ ಬೈಬಲ್ ಓದುವ ಪಟ್ಟಿ ಹಿಡಿಯುತ್ತಾರೆ. 1189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ. ಆದಿಕಾಂಡ 50, ವಿಮೋಚನಕಾಂಡ 40. ಇದೇ ಲೆಕ್ಕದಲ್ಲಿ ಜನವರಿ ಮುಗಿಯುವ ಹೊತ್ತಿಗೆ ಬಲಿ, ಶುದ್ಧಾಚಾರದ ನಿಯಮಗಳೇ ತುಂಬಿರುವ ಯಾಜಕಕಾಂಡದ ಬಾಗಿಲಿಗೆ ಬಂದಿರುತ್ತೇವೆ. ಪಟ್ಟಿ ಅಲ್ಲೇ ನಿಲ್ಲುತ್ತದೆ. ಶಿಫ್ಟಿನವರಿಗೆ 119ನೇ ಕೀರ್ತನೆ ಚೆನ್ನಾಗಿ ಹೊಂದುತ್ತದೆ. ಒಟ್ಟು 176 ವಚನ, ಎಂಟೆಂಟರ 22 ಭಾಗ. ದಿನಕ್ಕೊಂದು ಭಾಗ ಸಾಕು. ಎರಡು ಸಲ ಓದಬಹುದು, ಒಂದು ವಚನ ಬಾಯಿಪಾಠ ಮಾಡಬಹುದು. ಇನ್ನೊಂದು ದಾರಿ ಜ್ಞಾನೋಕ್ತಿಗಳು: 31 ಅಧ್ಯಾಯ, ಇವತ್ತು ತಾರೀಖು ಎಷ್ಟೋ ಅಷ್ಟನೇ ಅಧ್ಯಾಯ. ಗುಣವಂತ ಹೆಂಡತಿಯ ವಿಷಯ ಬರುವುದು 31ರಲ್ಲಿ. ತಿಂಗಳಿಗೆ 30 ದಿನ ಬಂದಾಗಲೆಲ್ಲ ನಮ್ಮ ಮನೆಯವಳ ಪಾಲಿನ ಹೊಗಳಿಕೆ ಬಿಟ್ಟುಹೋಗುತ್ತದಂತೆ. ಅದು ಅವಳ ಕಂಪ್ಲೇಂಟು.

ದಿನಕ್ಕಿಷ್ಟು ಅಂತ ಮಾಡಿದ ಕೆಲಸದಿಂದ ಏನಾಗುತ್ತದೆ ಅನ್ನುವುದಕ್ಕೆ ಬಳ್ಳಾರಿಯವರು ದೂರ ಹೋಗಬೇಕಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ನಮ್ಮೂರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಜೊತೆಗೆ ವಿಲಿಯಂ ರೀವ್ ಇದ್ದರು. ಇಡೀ ಬೈಬಲ್ ಕನ್ನಡದಲ್ಲಿ ಬರುವಾಗ 1831. ಬಳ್ಳಾರಿ ಬಿಸಿಲಲ್ಲಿ, ಫ್ಯಾನ್ ಇಲ್ಲದ ಕಾಲದಲ್ಲಿ, ಇಪ್ಪತ್ತು ವರ್ಷದ ಕೆಲಸ!

ಭಾನುವಾರದ ಆರಾಧನೆ ನನಗೆ ದೊಡ್ಡ ತಲೆನೋವು. ವಾರದ ರಜೆ ಎಲ್ಲಾ ಸಲ ಭಾನುವಾರವೇ ಬರುವುದಿಲ್ಲ. ಸಿ ಶಿಫ್ಟ್ ಮುಗಿಸಿ ಬಂದು ಚರ್ಚಿನಲ್ಲಿ ಕೂತರೆ ಪ್ರಸಂಗಕ್ಕೇ ಸರಿಯಾಗಿ ಕಣ್ಣು ಎಳೆಯುತ್ತದೆ. ನಮ್ಮ ಅಯ್ಯನವರ, ಅಂದರೆ ಚರ್ಚಿನ ಪಾಸ್ಟರ್ ಹತ್ತಿರ ಹೇಳಿಕೊಂಡೆ. "ಹಿಂದಿನ ಬೆಂಚಲ್ಲಿ ಕೂತ್ಕೋಪ್ಪ. ನಿದ್ದೆ ಬಂದ್ರೆ ಬರ್ಲಿ, ಗೊರಕೆ ಮಾತ್ರ ಬೇಡ" ಅಂದರು. ಭಾನುವಾರ ಆಗದ ವಾರ ಯಾರದಾದರೂ ಮನೆಯ ಪ್ರಾರ್ಥನಾ ಕೂಟಕ್ಕೆ ಹೋಗುತ್ತೇನೆ. ಒಬ್ಬನೇ ಮೊಬೈಲಿನಲ್ಲಿ ಪ್ರಸಂಗ ಕೇಳಿದರೆ ಸಾಲದಾ ಅಂದರೆ, ಸಾಲದು. ಮೊಬೈಲು ನನ್ನ ಮುಖ ನೋಡಿ "ಯಾಕಪ್ಪ, ಸೊರಗಿದ್ದೀಯಲ್ಲ" ಅಂತ ಕೇಳುವುದಿಲ್ಲ.

ಕೊನೆಗೆ ನನ್ನ ನೋಟ್‌ಬುಕ್ಕಿನ ವಿಷಯ. ಮಗಳ ಶಾಲೆಯ ಹಳೇ ನೋಟ್‌ಬುಕ್, ಹಿಂದಿನ ಹಾಳೆಗಳು ಖಾಲಿ ಇದ್ದವು. ಯಾರಿಗಾಗಿ ಪ್ರಾರ್ಥನೆ ಮಾಡಬೇಕೋ ಅವರ ವಿಷಯ ಒಂದೊಂದು ಸಾಲು ಬರೆಯುತ್ತೇನೆ. "ಕ್ರೇನ್ ಅಣ್ಣನ ಮಗಳ ಕಾಲೇಜು ಫೀಸು." "ಕೆಳಗಿನ ಮನೆ ಅಜ್ಜಿ, ಮೊಣಕಾಲು." ಸಾಲಿನ ಮುಂದೆ ಸ್ವಲ್ಪ ಜಾಗ ಬಿಟ್ಟಿರುತ್ತೇನೆ, ಏನಾಯಿತು ಅಂತ ಬರೆಯಲು. ಬರೆಯಬೇಕಾದರೆ ಹೋಗಿ ಕೇಳಲೇಬೇಕಲ್ಲ? "ಅಣ್ಣ, ಫೀಸಿಂದು ಏನಾಯ್ತು?" ಅಂದಾಗ ಇನ್ನೂ ಆಗಿಲ್ಲ ಅಂತ ಗೊತ್ತಾದರೆ, ಸುಮ್ನೆ ಪ್ರಾರ್ಥನೆ ಮಾಡುತ್ತೇನೆ ಅಂತ ಹೇಳಿ ಬರಲು ಆಗುವುದಿಲ್ಲ. ಆ ಸಲ ನಾಲ್ಕು ಜನ ಸೇರಿ ಕೈಲಾದಷ್ಟು ಹಾಕಿದೆವು. ಅದರಲ್ಲಿ ಕ್ರೈಸ್ತ ನಾನೊಬ್ಬನೇ. ಈಗ ಅವರೇ ಬಂದು "ನಿಮ್ ಬುಕ್ಕಲ್ಲಿ ನಮ್ದೂ ಒಂದು ಬರ್ಕೊಳ್ರಿ" ಅನ್ನುತ್ತಾರೆ.

119 ಈ ತಿಂಗಳು ಮುಗಿಯುತ್ತದೆ. ಆಮೇಲೆ ಯೆಶಾಯ ಹಿಡಿಯುವ ಯೋಚನೆ ಇದೆ, 66 ಅಧ್ಯಾಯ. ಅದಕ್ಕೂ ಮೊದಲು ದೊಡ್ಡ ಅಕ್ಷರದ ಬೈಬಲ್ ತರಬೇಕು. ರಾತ್ರಿ ಬಸ್ಸಿನ ಲೈಟಿಗೆ ಈಗಿನದು ಕಾಣಿಸುತ್ತಿಲ್ಲ, ಕನ್ನಡಕದ ಅಂಗಡಿಗೆ ಹೋಗಲು ನನಗೆ ಇನ್ನೂ ಮನಸ್ಸಿಲ್ಲ.