ಟಿಕೆಟ್ ನಂಬರ್ 1

ಕೊನೆಗೂ ನಮ್ಮ ಹೆಲ್ಪ್‌ಡೆಸ್ಕ್ ಸಾಫ್ಟ್‌ವೇರ್ (ಗ್ರಾಹಕರ ಒಂದೊಂದು ದೂರನ್ನೂ ಒಂದು 'ಟಿಕೆಟ್' ಮಾಡಿ ಇಡುವಂಥದ್ದು) ಹೊಸ ಮೇಜರ್ ವರ್ಷನ್‌ಗೆ ಏರಿತು. ನಮ್ಮದೇ ಸರ್ವರ್, ಹಾಗಾಗಿ ಬೈಯಲೂ ಬೇರೆ ಯಾರೂ ಇಲ್ಲ.

ಈ ಸಲ ಬ್ಯಾಕಪ್ ತೆಗೆದು ಸುಮ್ನೆ ಇಡಲಿಲ್ಲ. ಬೇರೆ ಮಶೀನಿನಲ್ಲಿ ರಿಸ್ಟೋರ್ ಮಾಡಿ ನೋಡಿದೆ. ಅಲ್ಲಿ ಮೊದಲು ಮಾಡಿದ ಕೆಲಸ ಕ್ರಾನ್, ಅಂದರೆ ಹೊತ್ತುಹೊತ್ತಿಗೆ ಕೆಲಸಗಳನ್ನು ತಾನೇ ನಡೆಸುವ ವ್ಯವಸ್ಥೆ, ಅದನ್ನು ನಿಲ್ಲಿಸಿದ್ದು. ಇಲ್ಲದಿದ್ದರೆ ಆ ನಕಲೇ ಹೊಸ ಮೇಲ್‌ಗಳನ್ನು ಎಳೆದುಕೊಂಡು ಗ್ರಾಹಕರಿಗೆ ಉತ್ತರ ಕಳಿಸುತ್ತಾ ಕೂರುತ್ತದೆ. (ಹಳೇ ಅನುಭವ, ಕೇಳಬೇಡಿ.)

ಜಾಸ್ತಿ ಹೊತ್ತು ತಿಂದದ್ದು ಡೇಟಾಬೇಸ್. ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್; ಅಕ್ಷರಗಳನ್ನು ಉಳಿಸಿಡಲು ಅದರಲ್ಲಿರುವ ಹಳೇ ವಿಧಾನ ಯುಟಿಎಫ್8ನಲ್ಲಿ ಒಂದು ಅಕ್ಷರಕ್ಕೆ ಹೆಚ್ಚೆಂದರೆ 3 ಬೈಟ್ ಜಾಗ. ಕನ್ನಡಕ್ಕೆ ಅಷ್ಟು ಸರಿಯಾಗಿ ಸಾಕು, ಅದಕ್ಕೇ ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಇಮೋಜಿಗೆ 4 ಬೇಕು! ಎಲ್ಲ ಟೇಬಲ್‌ಗಳನ್ನೂ 4 ಬೈಟ್ ಹಿಡಿಸುವ ಯುಟಿಎಫ್8ಎಂಬಿ4ಗೆ ಬದಲಿಸುತ್ತಾ ಕೂತೆ. ಎರಡು ಪ್ಲಗಿನ್ (ಸಾಫ್ಟ್‌ವೇರ್‌ಗೆ ಸೇರಿಸಿಕೊಂಡ ಹೆಚ್ಚುವರಿ ತುಣುಕುಗಳು) ಸತ್ತವು, ಯಾರೂ ಅಳಲಿಲ್ಲ.

ಹಳೆಯದೆಲ್ಲ ಬಂದಿದೆಯಾ ಅಂತ ನೋಡಲು ಟಿಕೆಟ್ ನಂಬರ್ 1 ತೆರೆದೆ. ಬರೆದವನು ನಾನೇ: "ಟೆಸ್ಟ್. ಯಾರಾದರೂ ಇದ್ದೀರಾ?" ಉತ್ತರವಿಲ್ಲ. ಸ್ಥಿತಿ: ಓಪನ್. ಊರವರ ಟಿಕೆಟ್‌ಗಳನ್ನೆಲ್ಲ ಮುಚ್ಚಿ ನನ್ನದನ್ನೇ ಮರೆತಿದ್ದೆ, ಅಲ್ವಾ? ಕ್ಲೋಸ್ ಬಟನ್ ತನಕ ಹೋದೆ. ಯಾಕೋ ಒತ್ತಲು ಮನಸ್ಸಾಗಲಿಲ್ಲ. ಹಾಗೇ ಇದೆ.